ಹೊಲಿಗೆಯ ಡಬ್ಬಿ: ಮನೆಯ ಪುಟ್ಟ ಬಂಡವಾಳ

ಮಹಾನಗರದ ಬೆಳಗು ಗಡಿಯಾರದ ಮುಳ್ಳಿನೊಡನೆ ಓಡುತ್ತದೆ. ಏಳೂ ನಲವತ್ತರ ಲೋಕಲ್ ಗಾಡಿಯನ್ನು ಹಿಡಿಯಲೇಬೇಕಾದ ಗೃಹಸ್ಥನೊಬ್ಬನು ಅಂಗಿ ತೊಡುತ್ತಿರುವಾಗ, ಎದೆಯ ಮೇಲಿನ ಗುಂಡಿಯೊಂದು ಕಳಚಿ, ನೆಲಕ್ಕುರುಳಿ, ಮಂಚದಡಿ ಸೇರಿತೆಂದು ಭಾವಿಸೋಣ. ಹಿಂದಿನ ತಲೆಮಾರಿನ ಮನೆಯಾಗಿದ್ದರೆ ಅಜ್ಜಿಯೋ ತಾಯಿಯೋ ಗೂಡಿನಿಂದ ಹಳೆಯ ಬಿಸ್ಕತ್ತಿನ ಡಬ್ಬಿಯನ್ನು ಇಳಿಸಿ, ಐದು ನಿಮಿಷದಲ್ಲಿ ಗುಂಡಿಯನ್ನು ಹೊಲಿದು ಕೊಡುತ್ತಿದ್ದರು. ಇಂದಿನ ಅನೇಕ ಮನೆಗಳಲ್ಲಿ ಸೂಜಿಯಿದ್ದರೆ ದಾರವಿಲ್ಲ, ದಾರವಿದ್ದರೆ ಅದು ಬಣ್ಣಕ್ಕೆ ಹೊಂದುವುದಿಲ್ಲ, ಎರಡೂ ಇದ್ದರೆ ಹೊಲಿಯಬಲ್ಲವರಿಲ್ಲ. ಗೃಹಸ್ಥನು ಬೇರೆ ಅಂಗಿ ತೊಟ್ಟು ಹೊರಡುತ್ತಾನೆ. ಗುಂಡಿ ಕಳೆದುಕೊಂಡ ಅಂಗಿಯು ಕಪಾಟಿನ ಮೂಲೆ ಸೇರಿ, ಕೆಲವು ತಿಂಗಳ ಮೇಲೆ ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳ ಗಂಟಿನೊಳಗೆ ಹೋಗುತ್ತದೆ.

ನಷ್ಟವು ಒಂದು ಅಂಗಿಯದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಕೈಯಲ್ಲಿದ್ದ ಒಂದು ವಿದ್ಯೆಯು ಒಂದೇ ತಲೆಮಾರಿನಲ್ಲಿ ಕೈಜಾರಿ ಹೋಗುತ್ತಿರುವುದು ನಿಜವಾದ ನಷ್ಟ. ಊರು ಬಿಟ್ಟು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆ ನಿಂತ ಕನ್ನಡ ಕುಟುಂಬಗಳ ಟ್ರಂಕುಗಳಲ್ಲಿ ಉಪ್ಪಿನಕಾಯಿಯ ಭರಣಿ, ದೇವರ ಪಟಗಳೊಂದಿಗೆ ಸೂಜಿ-ದಾರದ ಡಬ್ಬಿಯೂ ಬಂದಿತ್ತು. ಉತ್ತರ ಕರ್ನಾಟಕದ ಮನೆಗಳಿಂದ ಬಂದವರಿಗಂತೂ, ಹಳೆಯ ಸೀರೆ ಪಂಚೆಗಳನ್ನು ಪದರ ಪದರವಾಗಿ ಹಾಸಿ ಹೊಲಿದ ಕೌದಿಯ ಬೆಚ್ಚನೆಯ ನೆನಪು ಇಂದಿಗೂ ಮಾಸಿಲ್ಲ. ಬಟ್ಟೆಯು ಹರಿದರೆ ತೇಪೆ, ತೇಪೆಯೂ ಹರಿದರೆ ಕೌದಿ, ಕೌದಿಯೂ ಸವೆದರೆ ಕೈಒರಸು. ಹೀಗೆ ಒಂದು ಗಜ ಬಟ್ಟೆಯಿಂದ ಮೂರು ಬಾಳು ಬಾಳಿಸುತ್ತಿದ್ದ ಆ ಸಂಸಾರಗಳ ಜಾಣ್ಮೆಗೆ ಬೇಕಾಗಿದ್ದ ಉಪಕರಣಗಳು ಅಂಗೈಯಷ್ಟೇ ಇದ್ದವು. ಅವುಗಳನ್ನು ಸರಿಯಾಗಿ ಅರಿತು ಬಳಸಿದರೆ ಹಣ ಉಳಿಯುತ್ತದೆ, ಬಟ್ಟೆ ಉಳಿಯುತ್ತದೆ. ಅರಿಯದೆ ಬಳಸಿದರೆ ಬೆರಳು, ಕಣ್ಣು, ಒಮ್ಮೊಮ್ಮೆ ಪ್ರಾಣಕ್ಕೂ ಅಪಾಯ ಒದಗಬಹುದು.

ಸೂಜಿಯ ಹಿರಿತನ

ಮಾನವನ ಉಪಕರಣಗಳಲ್ಲಿ ಸೂಜಿಯು ಅತ್ಯಂತ ಪುರಾತನವಾದವುಗಳಲ್ಲೊಂದು. ಕಣ್ಣು ಕೊರೆದ ಎಲುಬಿನ ಸೂಜಿಗಳು ಸೈಬೀರಿಯದ ಗುಹೆಗಳಲ್ಲಿ ದೊರೆತಿದ್ದು, ಅವು ಸುಮಾರು 40 ಸಾವಿರ ವರ್ಷಗಳಷ್ಟು ಹಳೆಯವು. ಕೊರೆವ ಚಳಿಯಲ್ಲಿ ತೊಗಲನ್ನು ಮೈಗೆ ಹೊಂದುವಂತೆ ಹೊಲಿದುಕೊಳ್ಳದೆ ಅಲ್ಲಿ ಬದುಕುವುದು ಅಸಾಧ್ಯವಾಗಿತ್ತು. ಅಂದಿನ ಎಲುಬು ಇಂದು ಉಕ್ಕಾಗಿದೆಯೇ ಹೊರತು, ಒಂದು ತುದಿಯಲ್ಲಿ ಮೊನೆ ಮತ್ತೊಂದರಲ್ಲಿ ಕಣ್ಣು ಎಂಬ ರಚನೆಯು ಬದಲಾಗಿಲ್ಲ.

ಕನ್ನಡ ನಾಡಿನಲ್ಲಿ ಈ ಕಾಯಕಕ್ಕೆ ಸಂದ ಗೌರವವೂ ಚಿಕ್ಕದಲ್ಲ. 12ನೆಯ ಶತಮಾನದ ಶಿವಶರಣರಲ್ಲಿ ಸೂಜಿಕಾಯಕದ ರಾಮಿತಂದೆಯೂ, ನೂಲುವ ಕದಿರನ್ನು ಹೆಸರಿನಲ್ಲೇ ಧರಿಸಿದ ಕದಿರ ರೆಮ್ಮವ್ವೆಯೂ ಉಂಟು. ಧಾರವಾಡ ಪ್ರಾಂತದ ಕಸೂತಿಯು ಸೂಜಿಯೊಂದರಿಂದಲೇ ಸಾಧಿಸಿದ ಕಲೆ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳಲ್ಲಿ, ಬಟ್ಟೆಯ ಎಳೆಗಳನ್ನು ಕಣ್ಣಿನಿಂದಲೇ ಎಣಿಸುತ್ತ, ಗೋಪುರ, ತೇರು, ಪಲ್ಲಕ್ಕಿ, ತುಳಸಿ ಬೃಂದಾವನ, ಆನೆ, ನವಿಲುಗಳನ್ನು ಇಳಕಲ್ ಸೀರೆಯ ಮೇಲೆ ಮೂಡಿಸುವ ಆ ಹೆಣ್ಣುಮಕ್ಕಳು ದಾರಕ್ಕೆ ಗಂಟು ಹಾಕುವುದಿಲ್ಲ. ಗವಂತಿ ಮತ್ತು ಮುರ್ಗಿಯಲ್ಲಿ ಬಟ್ಟೆಯ ಎರಡೂ ಬದಿಗಳು ಒಂದೇ ತೆರನಾಗಿ ಕಾಣುತ್ತವೆ. ಇಂಥ ಪರಂಪರೆಯ ಮಕ್ಕಳು ಒಂದು ಗುಂಡಿಗಾಗಿ ದರ್ಜಿಯ ಅಂಗಡಿಯನ್ನು ಹುಡುಕಿಕೊಂಡು ಹೋಗಬೇಕಾಗಿ ಬಂದಿರುವುದು ವಿಚಾರ ಮಾಡತಕ್ಕ ವಿಷಯ.

ಸೂಜಿ ಮತ್ತು ಅದರ ಸಂಖ್ಯೆ

ಎಲ್ಲ ಸೂಜಿಗಳೂ ಒಂದೇ ಎಂದು ತಿಳಿಯುವುದು ತಪ್ಪು. ಕೈಹೊಲಿಗೆಯ ಸೂಜಿಗಳ ಪೊಟ್ಟಣದ ಮೇಲೆ ಸಾಮಾನ್ಯವಾಗಿ 1ರಿಂದ 12ರವರೆಗಿನ ಸಂಖ್ಯೆಗಳಿರುತ್ತವೆ. ಸಂಖ್ಯೆ ಹೆಚ್ಚಾದಷ್ಟೂ ಸೂಜಿಯು ತೆಳ್ಳಗಾಗುತ್ತದೆ. ಯಂತ್ರದ ಸೂಜಿಯಲ್ಲಿ ಇದರ ತದ್ವಿರುದ್ಧ. ಅಲ್ಲಿ ಸಂಖ್ಯೆ ಹೆಚ್ಚಾದಂತೆ ದಪ್ಪವೂ ಹೆಚ್ಚುತ್ತದೆ. ಯಂತ್ರದ ಸೂಜಿಯ ಮೇಲೆ 90/14 ಎಂದು ಬರೆದಿದ್ದರೆ, ಮೊದಲ ಸಂಖ್ಯೆಯು ಸೂಜಿಯ ದಪ್ಪವನ್ನು ಮಿಲಿಮೀಟರಿನ ನೂರನೆಯ ಭಾಗಗಳಲ್ಲಿ ಹೇಳುತ್ತದೆ, ಅಂದರೆ 0.9 ಮಿಲಿಮೀಟರು. ಎರಡನೆಯದು ಹಳೆಯ ಪದ್ಧತಿಯ ಸಂಖ್ಯೆ. ರೇಷ್ಮೆ, ವಾಯಿಲ್‌ಗಳಂಥ ನವುರಾದ ಬಟ್ಟೆಗೆ 70/10 ಅಥವಾ 75/11, ಸಾಧಾರಣ ಅಂಗಿ ರವಿಕೆಗಳಿಗೆ 80/12 ಅಥವಾ 90/14, ಜೀನ್ಸಿನಂಥ ದಪ್ಪ ಬಟ್ಟೆಗೆ 100/16 ಹೊಂದುತ್ತವೆ. ದಪ್ಪ ಸೂಜಿಯಿಂದ ರೇಷ್ಮೆಯನ್ನು ಹೊಲಿದರೆ ಬಿದ್ದ ತೂತು ಮತ್ತೆ ಮುಚ್ಚಿಕೊಳ್ಳದು. ತೆಳುವಾದ ಸೂಜಿಯಿಂದ ಜೀನ್ಸನ್ನು ಹೊಲಿಯಹೋದರೆ ಸೂಜಿಯು ಮುರಿದು ಮುಖಕ್ಕೆ ಸಿಡಿಯಬಹುದು.

ಕಸೂತಿಯ ಸೂಜಿಗೆ ಕಣ್ಣು ಉದ್ದ, ಏಕೆಂದರೆ ಅದರಲ್ಲಿ ಹಲವು ಎಳೆಗಳು ಒಟ್ಟಿಗೆ ಸೇರಬೇಕು. ಉಣ್ಣೆಯ ಹೆಣಿಗೆಯನ್ನು ಜೋಡಿಸುವ ಸೂಜಿಗೆ ಮೊನೆ ಮೊಂಡ, ಅದು ಎಳೆಯನ್ನು ಸೀಳಬಾರದು. ಗೋಣಿಚೀಲ, ಹಾಸಿಗೆಗಳನ್ನು ಹೊಲಿಯುವ ದೊಡ್ಡ ಸೂಜಿಯೇ ನಮ್ಮ ದಬ್ಬಳ. ಸಾಧಾರಣ ಸಂಸಾರಕ್ಕೆ ಮೂರು ನಾಲ್ಕು ಅಳತೆಯ ಸೂಜಿಗಳ ಒಂದು ಪೊಟ್ಟಣ ಹಾಗೂ ಒಂದು ದಬ್ಬಳ ಇದ್ದರೆ ಸಾಕು. ಮುಂಬಯಿ, ಚೆನ್ನೈಗಳಂಥ ಕಡಲತೀರದ ಊರುಗಳ ತೇವದ ಗಾಳಿಯಲ್ಲಿ ಸೂಜಿಗೆ ಬೇಗ ತುಕ್ಕು ಹಿಡಿಯುತ್ತದೆ. ಉಣ್ಣೆಯ ಬಟ್ಟೆಯ ತುಂಡೊಂದಕ್ಕೆ ಯಂತ್ರದ ಎಣ್ಣೆಯ ಒಂದೆರಡು ತೊಟ್ಟು ಸವರಿ, ಸೂಜಿಗಳನ್ನು ಅದಕ್ಕೆ ಚುಚ್ಚಿ ಮುಚ್ಚಳವಿರುವ ಡಬ್ಬಿಯಲ್ಲಿಟ್ಟರೆ ಬಹುಕಾಲ ಬಾಳುತ್ತವೆ. ತುಕ್ಕು ಹಿಡಿದ ಸೂಜಿಯನ್ನು ಉಳಿಸಿಕೊಳ್ಳುವುದು ಉಳಿತಾಯವಲ್ಲ. ಅದು ಬಟ್ಟೆಗೆ ಕಲೆಯನ್ನೂ ಬೆರಳಿಗೆ ಗಾಯವನ್ನೂ ಕೊಡುತ್ತದೆ.

ದಾರದ ಅಳತೆ ಒಂದು ಮೊಳ

ಸೂಜಿಗೆ ಪದೇ ಪದೇ ದಾರ ಪೋಣಿಸುವ ಬೇಸರಕ್ಕೆ ಎರಡು ಮೂರು ಮೊಳದಷ್ಟು ದಾರವನ್ನು ಒಮ್ಮೆಗೇ ಎಳೆದುಕೊಳ್ಳುವುದು ಹೊಸಬರ ಸಾಮಾನ್ಯ ತಪ್ಪು. ಉದ್ದವಾದ ದಾರವು ಸುತ್ತಿಕೊಂಡು ಗಂಟಾಗುತ್ತದೆ, ಬಟ್ಟೆಯೊಳಗೆ ಹಲವು ಸಲ ತೂರಿ ಸವೆದು ಬಲಗುಂದುತ್ತದೆ. ಮೊಣಕೈಯಿಂದ ಬೆರಳ ತುದಿಯವರೆಗಿನ ಒಂದು ಮೊಳ, ಅಂದರೆ ಸುಮಾರು 18 ಅಂಗುಲ, ಒಂಟಿ ಎಳೆಯ ಹೊಲಿಗೆಗೆ ತಕ್ಕ ಅಳತೆ. ಉರುಳೆಯಿಂದ ಮೊದಲು ಹೊರಬಂದ ತುದಿಯನ್ನೇ ಕಣ್ಣಿನಲ್ಲಿ ತೂರಿಸಿ, ಆಮೇಲೆ ಕತ್ತರಿಸಿದ ತುದಿಗೆ ಗಂಟು ಹಾಕಿದರೆ ದಾರವು ಕಡಿಮೆ ಸಿಕ್ಕುಗೊಳ್ಳುತ್ತದೆ.

ಹತ್ತಿಯ ಬಟ್ಟೆಗೆ ಹತ್ತಿಯ ದಾರ, ಬೆರಕೆ ನೂಲಿನ ಬಟ್ಟೆಗೆ ಪಾಲಿಯೆಸ್ಟರ್ ದಾರ ಎಂಬುದು ಒಳ್ಳೆಯ ನಿಯಮ. ದಾರದ ಬಣ್ಣವು ಬಟ್ಟೆಯ ಬಣ್ಣಕ್ಕೆ ಕೂಡದಿದ್ದಲ್ಲಿ, ಸ್ವಲ್ಪ ಗಾಢವಾದುದನ್ನೇ ಆರಿಸಬೇಕು. ತಿಳಿಯಾದ ದಾರವು ಎದ್ದು ಕಾಣುತ್ತದೆ. ಬಹುಕಾಲ ಡಬ್ಬಿಯಲ್ಲಿದ್ದ ದಾರವನ್ನು ಬಳಸುವ ಮುನ್ನ ಎರಡೂ ಕೈಗಳಿಂದ ಎಳೆದು ನೋಡುವುದು ಲೇಸು. ಸುಲಭವಾಗಿ ಹರಿದರೆ ಅದು ಹೊಲಿಗೆಗೆ ಅನರ್ಹ. ಸೀರೆಗೆ ಫಾಲ್ ಹಚ್ಚುವವರು ಮರೆಯಬಾರದ ಮಾತೊಂದುಂಟು. ಹತ್ತಿಯ ಫಾಲನ್ನು ಮೊದಲು ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಬೇಕು. ಇಲ್ಲವಾದರೆ ಮೊದಲ ಒಗೆತಕ್ಕೇ ಅದು ಕುಗ್ಗಿ, ಸೀರೆಯ ಅಂಚೆಲ್ಲ ಸುಕ್ಕುಗಟ್ಟುತ್ತದೆ.

ಗುಂಡಿ ಹೊಲಿಯುವುದಕ್ಕೂ ಒಂದು ಕ್ರಮವಿದೆ. ಗುಂಡಿಯನ್ನು ಬಟ್ಟೆಗೆ ಅಂಟಿದಂತೆ ಬಿಗಿಯಾಗಿ ಹೊಲಿದರೆ ಕಾಜಾದೊಳಗೆ ತೂರಿಸುವಾಗ ಎಳೆತ ಹೆಚ್ಚಾಗಿ ದಾರ ಹರಿಯುತ್ತದೆ. ಗುಂಡಿಯ ಮೇಲೆ ಬೆಂಕಿಕಡ್ಡಿಯೊಂದನ್ನಿಟ್ಟು, ಅದರ ಮೇಲಿಂದ ಹೊಲಿದು, ಕಡ್ಡಿಯನ್ನು ತೆಗೆದು, ಗುಂಡಿಯ ಬುಡಕ್ಕೆ ದಾರವನ್ನು ಮೂರು ನಾಲ್ಕು ಸುತ್ತು ಸುತ್ತಿದರೆ ಗುಂಡಿಗೊಂದು ಪುಟ್ಟ ಕುತ್ತಿಗೆ ಬರುತ್ತದೆ. ನಾಲ್ಕು ತೂತಿನ ಗುಂಡಿಯಲ್ಲಿ ಎರಡೆರಡು ತೂತುಗಳನ್ನು ಬೇರೆ ಬೇರೆಯಾಗಿ ಹೊಲಿದು ಮುಗಿಸುವುದು ಮೇಲು. ಒಂದು ಜೊತೆ ಹರಿದರೂ ಇನ್ನೊಂದು ಗುಂಡಿಯನ್ನು ಹಿಡಿದಿರುತ್ತದೆ.

ಕತ್ತರಿಗೆ ಒಂದೇ ಕೆಲಸ

ಹೊಲಿಗೆಯ ಡಬ್ಬಿಯಲ್ಲಿ ಹೆಚ್ಚು ಬೆಲೆಯುಳ್ಳದ್ದು ಕತ್ತರಿ, ಹೆಚ್ಚು ಅವಮಾನಕ್ಕೆ ಗುರಿಯಾಗುವುದೂ ಅದೇ. ಬಟ್ಟೆಗೆಂದು ತಂದ ಕತ್ತರಿಯಿಂದ ಹಾಲಿನ ಚೀಲ, ಮಕ್ಕಳ ಕಾಗದ, ಕೊನೆಗೆ ತಂತಿಯನ್ನೂ ಕತ್ತರಿಸಲಾಗುತ್ತದೆ. ಕಾಗದವು ಬಟ್ಟೆಯ ಕತ್ತರಿಯ ಅಲಗನ್ನು ಬಲುಬೇಗ ಮೊಂಡಾಗಿಸುತ್ತದೆ. ಮೊಂಡ ಕತ್ತರಿಯು ಬಟ್ಟೆಯನ್ನು ಕತ್ತರಿಸುವುದಿಲ್ಲ, ಅಗಿಯುತ್ತದೆ. ಆದ್ದರಿಂದ ಎರಡು ಕತ್ತರಿಗಳು ಬೇಕು. 8ರಿಂದ 10 ಅಂಗುಲ ಉದ್ದದ, ಹಿಡಿಕೆ ಬಾಗಿದ ಕತ್ತರಿಯು ಬಟ್ಟೆಗೆ ಮಾತ್ರ ಮೀಸಲು. ಹಿಡಿಕೆ ಬಾಗಿರುವುದರಿಂದ ಕೆಳಗಿನ ಅಲಗು ಮೇಜಿನ ಮೇಲೆಯೇ ಸರಿಯುತ್ತದೆ, ಬಟ್ಟೆ ಮೇಲೇಳುವುದಿಲ್ಲ, ಗೆರೆ ತಪ್ಪುವುದಿಲ್ಲ. 4 ಅಂಗುಲದ ಚೂಪು ಮೊನೆಯ ಚಿಕ್ಕ ಕತ್ತರಿಯು ದಾರ ಕತ್ತರಿಸಲು, ಹೊಲಿಗೆ ಬಿಚ್ಚಲು.

ಭಾರತದಲ್ಲಿ ಕತ್ತರಿಗೆ ಹೆಸರಾದ ಊರು ಉತ್ತರ ಪ್ರದೇಶದ ಮೀರತ್. ಅಲ್ಲಿನ ಕುಶಲಕರ್ಮಿಗಳು ಹಳೆಯ ವಾಹನಗಳ ಸ್ಪ್ರಿಂಗಿನ ಉಕ್ಕನ್ನು ಕಾಯಿಸಿ ಬಡಿದು ಅಲಗುಗಳನ್ನಾಗಿ ಮಾಡುತ್ತಾರೆ. ಇಂಥ ಕತ್ತರಿಯನ್ನು ಮತ್ತೆ ಮತ್ತೆ ಸಾಣೆ ಹಿಡಿಸಬಹುದಾದ ಕಾರಣ ಅದು ತಲೆಮಾರು ಬಾಳುತ್ತದೆ. ಸೈಕಲ್ಲಿಗೆ ಸಾಣೆಯ ಚಕ್ರ ಕಟ್ಟಿಕೊಂಡು ಗಲ್ಲಿಗಳಲ್ಲಿ ಕೂಗುತ್ತ ಬರುವ ಬಡಪಾಯಿಗೆ ವರ್ಷಕ್ಕೊಮ್ಮೆ ಕತ್ತರಿಯನ್ನು ಒಪ್ಪಿಸಿದರೆ ಅವನಿಗೂ ಅನ್ನ, ಕತ್ತರಿಗೂ ಆಯುಸ್ಸು. ಕತ್ತರಿಯನ್ನು ಇನ್ನೊಬ್ಬರಿಗೆ ಕೊಡುವಾಗ ಅಲಗನ್ನು ಮುಚ್ಚಿ ಹಿಡಿದು, ಹಿಡಿಕೆಯನ್ನು ಮುಂದೆ ಮಾಡಿ ಕೊಡಬೇಕೆಂಬುದನ್ನು ಮಕ್ಕಳಿಗೆ ಮೊದಲ ಪಾಠವಾಗಿ ಕಲಿಸತಕ್ಕದ್ದು.

ಅಳತೆಯಲ್ಲಿ ಎರಡು ಲೆಕ್ಕ

ನಮ್ಮ ದೇಶವು 1956ರ ಕಾಯಿದೆಯಿಂದ ಮೆಟ್ರಿಕ್ ಪದ್ಧತಿಯನ್ನು ಅಂಗೀಕರಿಸಿತು. ಬಟ್ಟೆಯ ಅಂಗಡಿಯವನು ಮೀಟರಿನಲ್ಲಿ ಅಳೆಯುತ್ತಾನೆ. ಆದರೆ ದರ್ಜಿಯು ಇಂದಿಗೂ ಅಂಗುಲದಲ್ಲಿಯೇ ಬರೆದುಕೊಳ್ಳುತ್ತಾನೆ. ಅಳತೆಪಟ್ಟಿಯ ಒಂದು ಬದಿಯಲ್ಲಿ 60 ಅಂಗುಲ, ಇನ್ನೊಂದು ಬದಿಯಲ್ಲಿ 150 ಸೆಂಟಿಮೀಟರು ಇರುವುದು ಈ ಇಬ್ಬರ ನಡುವಿನ ಒಪ್ಪಂದದಂತಿದೆ. ಒಂದು ಅಂಗುಲಕ್ಕೆ 2.54 ಸೆಂಟಿಮೀಟರು, ಒಂದು ಗಜಕ್ಕೆ 91.44 ಸೆಂಟಿಮೀಟರು. ಎರಡೂವರೆ ಗಜ ಬೇಕೆಂದು ದರ್ಜಿ ಹೇಳಿದ್ದನ್ನು ಮರೆತು ಎರಡೂವರೆ ಮೀಟರು ತಂದರೆ ಸುಮಾರು 21 ಸೆಂಟಿಮೀಟರು ಬಟ್ಟೆಯ ಹಣ ಹೆಚ್ಚುವರಿಯಾಗಿ ಹೋಗುತ್ತದೆ. ಮೀಟರೆಂದದ್ದನ್ನು ಗಜವೆಂದು ತಿಳಿದರೆ ತೋಳೇ ಕಡಿಮೆ ಬೀಳುತ್ತದೆ.

ಬಟ್ಟೆಯಿಂದ ಮಾಡಿದ ಹಳೆಯ ಅಳತೆಪಟ್ಟಿಗಳು ವರ್ಷಗಳು ಕಳೆದಂತೆ ಹಿಗ್ಗುತ್ತವೆ. ವರ್ಷಕ್ಕೊಮ್ಮೆ ಉಕ್ಕಿನ ಅಳತೆಕೋಲಿನ ಪಕ್ಕದಲ್ಲಿಟ್ಟು ಪರಿಶೀಲಿಸುವುದು ಒಳ್ಳೆಯದು. ಗುರುತು ಹಾಕಲು ದರ್ಜಿಗಳು ಬಳಸುವ ಚಪ್ಪಟೆ ಸೀಮೆಸುಣ್ಣವೇ ತಕ್ಕದ್ದು. ಬಾಲ್‌ಪೆನ್ನಿನ ಗೆರೆ ಒಗೆತಕ್ಕೆ ಹೋಗದು. ರೇಷ್ಮೆಯ ಮೇಲೆ ಗುರುತು ಹಾಕುವ ಮುನ್ನ ಮೂಲೆಯ ತುಂಡಿನ ಮೇಲೆ ಪರೀಕ್ಷಿಸಿ, ಒಳಬದಿಯಲ್ಲಿ ಮಾತ್ರ ಹಾಕಬೇಕು.

ಹದಿನೈದು ಡಾಲರ್ ಸಾಲದ ಪಿನ್ನು

ಸೀರೆಯುಡುವ ಮನೆಗಳಲ್ಲಿ ಸೇಫ್ಟಿ ಪಿನ್ನು ಇಲ್ಲದ ದಿನವೇ ಇಲ್ಲ. ಬಳೆಗೋ ಮಂಗಳಸೂತ್ರಕ್ಕೋ ಒಂದೆರಡು ಪಿನ್ನುಗಳನ್ನು ಸಿಕ್ಕಿಸಿಕೊಂಡಿರುವುದು ನಮ್ಮ ತಾಯಂದಿರ ಮುಂದಾಲೋಚನೆಯ ಗುರುತು. ಈ ಪಿನ್ನಿನ ಹಿಂದೆ ಒಂದು ಸಾಲದ ಕಥೆಯಿದೆ. ನ್ಯೂಯಾರ್ಕಿನ ವಾಲ್ಟರ್ ಹಂಟ್ ಎಂಬಾತನು ತಾನು ತೀರಿಸಬೇಕಾಗಿದ್ದ 15 ಡಾಲರ್ ಸಾಲದ ಚಿಂತೆಯಲ್ಲಿ ತಂತಿಯ ತುಂಡೊಂದನ್ನು ಬಗ್ಗಿಸುತ್ತ ಈ ರಚನೆಯನ್ನು ಕಂಡುಕೊಂಡನೆಂದು ಹೇಳುತ್ತಾರೆ. 1849ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ಆತನು ಅದರ ಹಕ್ಕನ್ನು 400 ಡಾಲರಿಗೆ ಮಾರಿಬಿಟ್ಟನು. ಸಾಲವೇನೋ ತೀರಿತು. ಕೋಟ್ಯಂತರ ಪಿನ್ನುಗಳ ಲಾಭ ಮಾತ್ರ ಪರರ ಪಾಲಾಯಿತು.

ಗುಂಡುಸೂಜಿಗಳು ಬಟ್ಟೆಯನ್ನು ತಾತ್ಕಾಲಿಕವಾಗಿ ಹಿಡಿದಿಡಲು. ಅವುಗಳನ್ನು ಹೊಲಿಗೆಯ ಗೆರೆಗೆ ಅಡ್ಡಲಾಗಿ ಚುಚ್ಚಿದರೆ ತೆಗೆಯಲು ಸುಲಭ. ಯಂತ್ರದ ಸೂಜಿ ಹತ್ತಿರ ಬರುವ ಮುನ್ನವೇ ತೆಗೆದುಬಿಡಬೇಕು. ಇನ್ನು ಅಂಗುಸ್ತಾನ. ಪಾರಸಿಯಲ್ಲಿ ‘ಅಂಗುಷ್ತ್’ ಎಂದರೆ ಬೆರಳು. ಸೂಜಿಯನ್ನು ನೂಕುವ ಮಧ್ಯದ ಬೆರಳಿಗೆ ತೊಡುವ ಈ ಪುಟ್ಟ ಲೋಹದ ಟೊಪ್ಪಿಗೆಯನ್ನು ಹೊಸಬರು ತೊಡಕೆಂದು ಬದಿಗಿಡುತ್ತಾರೆ. ಎಂಟು ದಿನ ಹಟ ಹಿಡಿದು ಅಭ್ಯಾಸ ಮಾಡಿದರೆ, ಅದಿಲ್ಲದೆ ಹೊಲಿಯಲು ಮನಸ್ಸೇ ಬಾರದು.

ಯಂತ್ರವೆಂಬ ಆಸ್ತಿ

ಹೊಲಿಗೆಯ ಯಂತ್ರದ ಚರಿತ್ರೆಯಲ್ಲಿಯೂ ಅದೇ ಹಂಟನ ಹೆಸರು ಬರುತ್ತದೆ. 1830ರ ದಶಕದಲ್ಲಿಯೇ ಆತನು ಯಂತ್ರವೊಂದನ್ನು ರಚಿಸಿದ್ದರೂ, ಕೈಹೊಲಿಗೆಯಿಂದ ಹೊಟ್ಟೆ ಹೊರೆಯುವ ಹೆಂಗಸರು ನಿರುದ್ಯೋಗಿಗಳಾದಾರೆಂಬ ಅಳುಕಿನಿಂದ ಪೇಟೆಂಟನ್ನು ಪಡೆಯಲಿಲ್ಲವೆಂದು ಪ್ರತೀತಿ. 1846ರಲ್ಲಿ ಇಲಿಯಾಸ್ ಹೋವೆ, 1851ರಲ್ಲಿ ಐಸಾಕ್ ಸಿಂಗರ್ ಪೇಟೆಂಟುಗಳನ್ನು ಪಡೆದರು. ಸಿಂಗರ್ ಕಂಪನಿಯು 1850ರ ದಶಕದಲ್ಲಿ ಕಂತಿನ ಮೇಲೆ ಯಂತ್ರ ಮಾರುವ ಪದ್ಧತಿಯನ್ನು ತಂದದ್ದರಿಂದ ಅದು ಸಾಮಾನ್ಯರ ಮನೆಯನ್ನು ಹೊಕ್ಕಿತು. ಯಂತ್ರಗಳ ಹುಚ್ಚನ್ನು ಖಂಡಿಸುತ್ತಿದ್ದ ಮಹಾತ್ಮಾ ಗಾಂಧಿಯವರೂ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ತಮ್ಮ ಟೀಕೆಯಿಂದ ವಿನಾಯಿತಿ ಕೊಟ್ಟಿದ್ದರು. ಕಂಪನಿ ಕೆಲಸಕ್ಕೆ ಬೀಗ ಬಿದ್ದ ಕಾಲದಲ್ಲಿ, ಮನೆಯ ಯಜಮಾನನು ಹಾಸಿಗೆ ಹಿಡಿದ ಕಾಲದಲ್ಲಿ, ಮೂಲೆಯ ಕಪ್ಪು ಯಂತ್ರವೊಂದು ರವಿಕೆ, ಲಂಗಗಳನ್ನು ಹೊಲಿಯುತ್ತ ಮಕ್ಕಳ ಶಾಲೆಯ ಫೀಸು ಕಟ್ಟಿದ ಸಂಸಾರಗಳು ಮಹಾನಗರದ ಚಾಳುಗಳಲ್ಲಿ ಎಷ್ಟೋ ಇದ್ದವು. ಅಂಥ ಯಂತ್ರವನ್ನು ಆಸ್ತಿಯೆಂದು ಕರೆಯುವುದು ಅತಿಶಯೋಕ್ತಿಯಾಗದು.

ಆಸ್ತಿಗೆ ಸವಕಳಿಯುಂಟು. ಯಂತ್ರಕ್ಕೆ ಅದಕ್ಕೆಂದೇ ಇರುವ ತೆಳುವಾದ ಎಣ್ಣೆಯನ್ನೇ ಹಾಕಬೇಕು. ಅಡಿಗೆಮನೆಯ ಕೊಬ್ಬರಿ ಎಣ್ಣೆಯು ಗಟ್ಟಿಯಾಗಿ, ಜಿಡ್ಡುಗಟ್ಟಿ, ಯಂತ್ರವನ್ನೇ ಬಿಗಿದುಬಿಡುತ್ತದೆ. ಹೊಲಿಗೆ ನಡುನಡುವೆ ತಪ್ಪುತ್ತಿದ್ದರೆ ಯಂತ್ರ ಕೆಟ್ಟಿತೆಂದು ರಿಪೇರಿಯವನನ್ನು ಕರೆಸುವ ಮುನ್ನ ಸೂಜಿಯನ್ನು ಬದಲಾಯಿಸಿ ನೋಡಬೇಕು. ಅನೇಕ ಸಲ ತಪ್ಪು ಮೊಂಡಾದ ಅಥವಾ ಬಾಗಿದ ಸೂಜಿಯದೇ ಆಗಿರುತ್ತದೆ. ಸೂಜಿಯ ಮೈಮೇಲಿನ ಉದ್ದನೆಯ ಗೀರು, ದಾರವು ಒಳಹೋಗುವ ಬದಿಗೆ ಇರುವಂತೆ ಕೂರಿಸಬೇಕೆಂಬುದೂ ಅಷ್ಟೇ ಮುಖ್ಯ.

ಕಣ್ಣು, ಹಲ್ಲು, ಬೆರಳು

ಉಪಕರಣಗಳ ಗುಣದಷ್ಟೇ ಅವುಗಳ ಅಪಾಯವನ್ನೂ ಅರಿತಿರಬೇಕು. ಮೊದಲನೆಯದು ಕಣ್ಣು. ನಲವತ್ತರ ಹೊತ್ತಿಗೆ ಸೂಜಿಯ ಕಣ್ಣು ಮಸುಕಾಗತೊಡಗುವುದು ರೋಗವಲ್ಲ, ವಯೋಧರ್ಮ. ಕಣ್ಣಿನ ಮಸೂರವು ಬಿಗಿಯಾಗುತ್ತ ಬಂದು ಹತ್ತಿರದ ವಸ್ತುವಿನ ಮೇಲೆ ದೃಷ್ಟಿ ಕೂರಿಸುವ ಶಕ್ತಿ ಕುಂದುತ್ತದೆ. ಉತ್ತರ ಕರ್ನಾಟಕದ ಮಂದಿ ಕನ್ನಡಕಕ್ಕೆ ‘ಚಾಳೀಸು’ ಎಂದು ಹೆಸರಿಟ್ಟಿರುವುದೇ ಈ ನಲವತ್ತರ ಲೆಕ್ಕದಿಂದ. ಸೂಜಿಯನ್ನು ದೂರ ಹಿಡಿದು ಕಣ್ಣು ಕಿರಿದಾಗಿಸಿ ಒದ್ದಾಡುವುದರ ಬದಲು ಕಣ್ಣಿನ ಪರೀಕ್ಷೆ ಮಾಡಿಸಿಕೊಂಡು ತಕ್ಕ ಕನ್ನಡಕ ಧರಿಸುವುದು ವಿವೇಕ. ದಾರದ ತುದಿಯನ್ನು ಓರೆಯಾಗಿ ಕತ್ತರಿಸಿ, ಸೂಜಿಯ ಹಿಂದೆ ಬಿಳಿ ಕಾಗದ ಹಿಡಿದರೆ ಪೋಣಿಸುವುದು ಸುಲಭ. ತೆಳುವಾದ ತಂತಿಯ ಕುಣಿಕೆಯುಳ್ಳ ದಾರ ಪೋಣಿಸುವ ಸಾಧನವು ಅತ್ಯಲ್ಪ ಬೆಲೆಗೆ ದೊರೆಯುತ್ತದೆ. ಬಲಗೈಯಲ್ಲಿ ಹೊಲಿಯುವವರಿಗೆ ಬೆಳಕು ಎಡಗಡೆಯಿಂದ ಬೀಳಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ ದೂರದ ವಸ್ತುವನ್ನು ನೋಡಿದರೆ ಕಣ್ಣಿಗೂ ಕತ್ತಿಗೂ ವಿಶ್ರಾಂತಿ.

ಎರಡನೆಯದು ಬಾಯಿ. ದಾರವನ್ನು ಹಲ್ಲಿನಿಂದ ಕಚ್ಚಿ ಕಡಿಯುವ ಅಭ್ಯಾಸದಿಂದ ಮುಂದಿನ ಹಲ್ಲುಗಳ ಅಂಚಿನಲ್ಲಿ ಕಚ್ಚು ಬೀಳುತ್ತದೆ. ದಂತವೈದ್ಯರು ಈ ಕಚ್ಚನ್ನು ದರ್ಜಿಗಳ ಬಾಯಲ್ಲಿ ಸುಲಭವಾಗಿ ಗುರುತಿಸುತ್ತಾರೆ. ಅದಕ್ಕಿಂತ ಅಪಾಯಕರವಾದದ್ದು ಗುಂಡುಸೂಜಿಗಳನ್ನು ತುಟಿಯ ನಡುವೆ ಹಿಡಿದುಕೊಳ್ಳುವುದು. ಒಂದು ಕೆಮ್ಮು, ಒಂದು ಸೀನು, ಮಗುವಿನ ಮಾತಿಗೆ ಒಂದು ನಗೆ ಸಾಕು, ಸೂಜಿಯು ಶ್ವಾಸನಾಳಕ್ಕೋ ಅನ್ನನಾಳಕ್ಕೋ ಇಳಿಯುತ್ತದೆ. ಸೂಜಿ ನುಂಗಿದವರಿಗೆ ಬಾಳೆಹಣ್ಣು ತಿನ್ನಿಸುವುದು, ವಾಂತಿ ಮಾಡಿಸುವುದು ಮುಂತಾದ ಮನೆಮದ್ದು ಸಲ್ಲದು. ಏನನ್ನೂ ತಿನ್ನಲು ಕುಡಿಯಲು ಕೊಡದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಕ್ಷ-ಕಿರಣದಲ್ಲಿ ಲೋಹವು ಸ್ಪಷ್ಟವಾಗಿ ಕಾಣುತ್ತದೆ.

ಪುಟ್ಟ ಮಕ್ಕಳಿರುವ ಮನೆಯಲ್ಲಿ ಗುಂಡಿಗಳ ಡಬ್ಬಿಯು ಎತ್ತರದ ಗೂಡಿನಲ್ಲಿರಬೇಕು. ಆಟಿಕೆ, ಗಡಿಯಾರ, ರಿಮೋಟುಗಳಲ್ಲಿರುವ ಗುಂಡಿಯಾಕಾರದ ಬ್ಯಾಟರಿಯನ್ನು ಅದೇ ಡಬ್ಬಿಯಲ್ಲಿ ಎಂದೂ ಹಾಕಿಡಬಾರದು. ನುಂಗಿದ ಗುಂಡಿಗಿಂತ ನುಂಗಿದ ಬ್ಯಾಟರಿ ಬಹುಪಾಲು ಘೋರ. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಗಳೊಳಗೇ ಒಳಭಾಗವನ್ನು ಸುಡಬಲ್ಲದು. ಅಂಥ ಸಂಶಯ ಬಂದಾಗ ಮಗುವು ಆಡಿಕೊಂಡೇ ಇದ್ದರೂ ಒಂದು ಕ್ಷಣವನ್ನೂ ಕಳೆಯದೆ ಆಸ್ಪತ್ರೆಗೆ ಧಾವಿಸಬೇಕು.

ಮೂರನೆಯದು ಬೆರಳು. ಸೂಜಿ ಚುಚ್ಚಿದ ಗಾಯವನ್ನು ಬಾಯಲ್ಲಿಟ್ಟು ಚೀಪದೆ, ಸಾಬೂನು ನೀರಿನಿಂದ ಚೆನ್ನಾಗಿ ತೊಳೆಯಬೇಕು. ಚುಚ್ಚುಗಾಯವು ಹೊರಗೆ ಚಿಕ್ಕದಾಗಿ ಕಂಡರೂ ಆಳವಾಗಿರುತ್ತದೆ. ಧನುರ್ವಾಯುವಿಗೆ ತುಕ್ಕು ಕಾರಣವಲ್ಲ, ಮಣ್ಣು ಕೊಳೆಗಳಲ್ಲಿರುವ ರೋಗಾಣು ಕಾರಣ. ಆದ್ದರಿಂದ ಹೊಳೆಯುವ ಸೂಜಿಯೆಂದು ನಿರ್ಲಕ್ಷಿಸಲಾಗದು. ಧನುರ್ವಾಯುವಿನ ಚುಚ್ಚುಮದ್ದು ಪಡೆದು ಹತ್ತು ವರ್ಷ ಕಳೆದಿದ್ದರೆ, ಗಾಯವು ಕೊಳೆಯಾಗಿದ್ದಲ್ಲಿ ಐದು ವರ್ಷ ಕಳೆದಿದ್ದರೆ, ವೈದ್ಯರನ್ನು ಕಾಣಬೇಕು. ಮಧುಮೇಹವುಳ್ಳವರಿಗೆ ಬೆರಳು, ಪಾದಗಳ ಸ್ಪರ್ಶಜ್ಞಾನ ಕುಂದಿರಬಹುದಾದ ಕಾರಣ, ಚುಚ್ಚಿದ್ದೇ ತಿಳಿಯದೆ ಗಾಯವು ಬಲಿಯುವ ಭಯವುಂಟು. ಅಂಥವರು ಅಂಗುಸ್ತಾನವಿಲ್ಲದೆ ಸೂಜಿ ಹಿಡಿಯಬಾರದು, ಬರಿಗಾಲಿನಲ್ಲಿ ಹೊಲಿಗೆಯ ಜಾಗದಲ್ಲಿ ನಡೆಯಬಾರದು. ಯಂತ್ರದ ಸೂಜಿಯು ಬೆರಳನ್ನು ಹೊಕ್ಕಿದಲ್ಲಿ ಗಾಬರಿಯಿಂದ ಕೈ ಎಳೆದುಕೊಳ್ಳದೆ, ಯಂತ್ರವನ್ನು ನಿಲ್ಲಿಸಿ, ಚಕ್ರವನ್ನು ಕೈಯಿಂದ ತಿರುಗಿಸಿ ಸೂಜಿಯನ್ನು ಮೇಲೆತ್ತಬೇಕು. ತುದಿ ಮುರಿದು ಒಳಗುಳಿದಿದ್ದರೆ ಹಿಸುಕಿ ತೆಗೆಯುವ ಪ್ರಯತ್ನ ಬೇಡ, ಅದು ವೈದ್ಯರ ಕೆಲಸ.

ಈ ಎಲ್ಲ ಅಪಾಯಗಳಿಗೂ ಒಂದು ಸುಲಭವಾದ ತಡೆಯಿದೆ. ಬ್ಯಾಂಕಿನ ನಗದು ಗುಮಾಸ್ತನು ಸಂಜೆ ಹಣವನ್ನು ತಾಳೆ ನೋಡದೆ ಕುರ್ಚಿಯಿಂದ ಏಳುವುದಿಲ್ಲ. ಹೊಲಿಗೆಗೆ ಕುಳಿತವರೂ ಡಬ್ಬಿಯಿಂದ ತೆಗೆದ ಸೂಜಿಗಳೆಷ್ಟು, ಮರಳಿ ಇಟ್ಟವೆಷ್ಟು ಎಂಬ ಲೆಕ್ಕವನ್ನು ತಾಳೆ ನೋಡಿಯೇ ಏಳಬೇಕು. ಒಂದು ಕಡಿಮೆಯಾದರೆ ದೊಡ್ಡ ಆಯಸ್ಕಾಂತವೊಂದನ್ನು ನೆಲದ ಮೇಲೆ ಆಡಿಸಿ, ಸಿಗುವವರೆಗೆ ಹುಡುಕಬೇಕು.

ಜಮಾ-ಖರ್ಚು

ಸಾಧಾರಣ ಸಂಸಾರದ ಡಬ್ಬಿಗೆ ಬೇಕಾದುದಿಷ್ಟು: ಸೂಜಿಗಳ ಒಂದು ಪೊಟ್ಟಣ, ಒಂದು ದಬ್ಬಳ, ಬಿಳಿ, ಕಪ್ಪು ಸೇರಿ ಆರು ಬಣ್ಣದ ದಾರ, ಎರಡು ಕತ್ತರಿ, ಅಳತೆಪಟ್ಟಿ, ಸೀಮೆಸುಣ್ಣ, ಗುಂಡುಸೂಜಿ, ಸೇಫ್ಟಿ ಪಿನ್ನು, ಅಂಗುಸ್ತಾನ, ಹುಕ್ಕು ಮತ್ತು ಗುಂಡಿಗಳು. ಹಳೆಯ ಅಂಗಿಯನ್ನು ನೆಲ ಒರಸಲು ಹಾಕುವ ಮುನ್ನ ಅದರ ಗುಂಡಿಗಳನ್ನು ಕತ್ತರಿಸಿಟ್ಟುಕೊಂಡರೆ ಕೊನೆಯ ಬಾಬತ್ತಿಗೆ ಖರ್ಚೇ ಇಲ್ಲ. ಕಲಿಯಬೇಕಾದ ಹೊಲಿಗೆಗಳೂ ಮೂರೇ. ಎರಡು ತುಂಡುಗಳನ್ನು ಹೆಚ್ಚು ಭಾರ ಬೀಳದಲ್ಲಿ ಕೂಡಿಸಲು ಸಾದಾ ಓಟದ ಹೊಲಿಗೆ, ಬಲ ಬೇಕಾದ ಕಡೆ ಪ್ರತಿ ಹೆಜ್ಜೆಗೂ ಹಿಂದಿರುಗಿ ಬರುವ ಹಿಂಹೊಲಿಗೆ, ಅಂಚು ಮಡಿಸಲು ಹೆಮ್ಮಿಂಗ್.

ನಾಲ್ಕು ಜನರ ಸಂಸಾರದಲ್ಲಿ ತಿಂಗಳಿಗೆ ಮೂರು ಸಣ್ಣಪುಟ್ಟ ದುರಸ್ತಿಗಳು ಬರುತ್ತವೆಂದೂ, ಒಂದೊಂದಕ್ಕೆ ಹೊರಗೆ 40 ರೂಪಾಯಿ ತೆರಬೇಕೆಂದೂ ಹಿಡಿದರೆ ವರ್ಷಕ್ಕೆ 1,440 ರೂಪಾಯಿ ಆಗುತ್ತದೆ. ದುರಸ್ತಿಯ ಬೇಸರಕ್ಕೆ ಎಸೆದ 800 ರೂಪಾಯಿಯ ಅಂಗಿಗಳು ಎರಡೇ ಎಂದುಕೊಂಡರೂ 1,600 ಸೇರಿ 3,040. ಒಮ್ಮೆ ಕೊಂಡ ಡಬ್ಬಿಯ ಬೆಲೆಯು ಇದರ ಒಂದು ಅಂಶವಷ್ಟೇ. ಮೊದಲ ವರ್ಷದಲ್ಲಿಯೇ ಅಸಲು ಮರಳಿ ಬಂದು, ಮುಂದಿನದೆಲ್ಲ ಲಾಭವಾಗುವ ಇಂಥ ಹೂಡಿಕೆ ಪೇಟೆಯಲ್ಲಿ ಬೇರೊಂದು ದೊರೆಯಲಾರದು.

ಈ ವಿದ್ಯೆಯನ್ನು ಹೆಣ್ಣುಮಕ್ಕಳಿಗೆ ಮಾತ್ರ ಮೀಸಲಿಡುವ ಕಾಲವೂ ಕಳೆಯಿತು. ಓದಿಗೋ ಉದ್ಯೋಗಕ್ಕೋ ಮಗನು ಪರಊರಿಗೆ ಹೊರಟಾಗ ಅವನ ಚೀಲದಲ್ಲಿ ಮನೆಯವರು ಚಟ್ನಿಪುಡಿಯನ್ನಿಡುತ್ತಾರೆ. ಅದರ ಪಕ್ಕದಲ್ಲಿ ಸೂಜಿ-ದಾರದ ಪುಟ್ಟ ಡಬ್ಬಿಯೊಂದನ್ನೂ ಇಟ್ಟು, ಗುಂಡಿ ಹೊಲಿಯುವುದನ್ನು ಹೊರಡುವ ಮೊದಲೇ ಕಲಿಸಿ ಕಳುಹಿಸಲಿ. ರಜೆಯ ಒಂದು ಮಧ್ಯಾಹ್ನ ಅಜ್ಜಿಯ ಬಳಿ ಮಗನನ್ನೂ ಮಗಳನ್ನೂ ಕೂರಿಸಿದರೆ ಸಾಕು. ಅಜ್ಜಿಯ ಕಣ್ಣಿಗೆ ಕಾಣದ ಸೂಜಿಗೆ ಮೊಮ್ಮಕ್ಕಳು ದಾರ ಪೋಣಿಸಿ ಕೊಡಲಿ. ಮೊಮ್ಮಕ್ಕಳ ಕೈಗೆ ಬಾರದ ಹೊಲಿಗೆಯನ್ನು ಅಜ್ಜಿ ಹಾಕಿ ತೋರಿಸಲಿ. ಊರಿನಿಂದ ಟ್ರಂಕಿನಲ್ಲಿ ಬಂದ ಆ ಡಬ್ಬಿಯು ಹೀಗೆ ಇನ್ನೊಂದು ತಲೆಮಾರಿನ ಕೈಸೇರಲಿ.